ಯಂತ್ರದ ಲೆಕ್ಕವೂ ಮಂಡಲಿಯ ಮೌನವೂ

ಕಾಗದದ ಕೀರ್ದಿಯಲ್ಲಿ ಅಂಕಿಯನ್ನು ತಿದ್ದಿದವನು ಕಲೆಯನ್ನಾದರೂ ಬಿಟ್ಟು ಹೋಗುತ್ತಿದ್ದನು. ಕೆರೆದ ಹಾಳೆ, ಬೇರೆ ಬಣ್ಣದ ಶಾಯಿ, ಇವೇ ಸಾಕ್ಷಿ ನುಡಿಯುತ್ತಿದ್ದುವು. ಗಣಕಯಂತ್ರವು ಬಂದ ಮೇಲೆ ಆ ಕಲೆಯೂ ಇಲ್ಲವಾಯಿತು. ಈ ಕೊರತೆಯನ್ನು ತುಂಬಲೆಂದು ಭಾರತ ಸರಕಾರವು, ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತವಾಗಿ ದಾಖಲಿಸತಕ್ಕದ್ದೆಂದೂ, ಆ ದಾಖಲೆಯನ್ನು ಯಾರೂ ನಿಲ್ಲಿಸಕೂಡದೆಂದೂ 2023ನೆಯ ಏಪ್ರಿಲ್ 1ರಿಂದ ಕಡ್ಡಾಯಗೊಳಿಸಿತು. ಎರಡು ಸಲ ಮುಂದೂಡಲ್ಪಟ್ಟ ಬಳಿಕವಾದರೂ ಬಂದ ಈ ನಿಯಮವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಇಷ್ಟರಿಂದಲೇ ಷೇರುದಾರರ ಹಣವು ಸುರಕ್ಷಿತವಾಯಿತೆಂದು ನಂಬುವವರು ಹೈದರಾಬಾದಿನ ಸತ್ಯಂ ಕಂಪನಿಯನ್ನು ಮರೆತಿರಬೇಕು.

2009ನೆಯ ಜನವರಿ 7ರಂದು ಆ ಕಂಪನಿಯ ಅಧ್ಯಕ್ಷರಾದ ರಾಮಲಿಂಗ ರಾಜುರವರು ತಮ್ಮ ಆಡಳಿತ ಮಂಡಲಿಗೆ ಒಂದು ಕಾಗದ ಬರೆದರು. ಲೆಕ್ಕದಲ್ಲಿ ಕಾಣಿಸಿದ್ದ 5,361 ಕೋಟಿ ರೂಪಾಯಿಗಳ ನಗದು ಹಾಗೂ ಬ್ಯಾಂಕಿನ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ತನಿಖೆಯಲ್ಲಿ 7,561 ಸುಳ್ಳು ಬಿಲ್ಲುಗಳು ಹೊರಬಿದ್ದುವು. ಅವನ್ನು ಹೊರಗಿನ ಕಳ್ಳನು ತಂದು ಸೇರಿಸಿದ್ದಲ್ಲ. ಕಂಪನಿಯ ಯಂತ್ರದೊಳಕ್ಕೇ ವಿಶೇಷಾಧಿಕಾರದ ಗುರುತಿನಿಂದ ಹೊಕ್ಕು, ಉಳಿದ ನೌಕರರ ಕಣ್ಣಿಗೆ ಬೀಳದಂತೆ ಸೃಷ್ಟಿಸಿದ್ದು.

ಮಂಡಲಿಯಲ್ಲಿದ್ದವರಾದರೂ ಸಾಮಾನ್ಯರೇ? ಹಾರ್ವರ್ಡಿನ ಪ್ರಾಧ್ಯಾಪಕರಿದ್ದರು, ಭಾರತ ಸರಕಾರದ ನಿವೃತ್ತ ಸಂಪುಟ ಕಾರ್ಯದರ್ಶಿಗಳಿದ್ದರು, ಗಣಕದ ಮೆದುಳನ್ನೇ ರಚಿಸಿ ಹೆಸರಾದವರಿದ್ದರು. ಉತ್ತಮ ಆಡಳಿತಕ್ಕಾಗಿ ಕಂಪನಿಗೆ 2008ರಲ್ಲಿ ಪ್ರಶಸ್ತಿಯೂ ದೊರೆತಿತ್ತು! ಮಂಡಲಿಯ ಹಿಂದಿನ, ಇಂದಿನ ಯಾವ ಸದಸ್ಯರಿಗೂ ಈ ಸ್ಥಿತಿಯ ಅರಿವಿರಲಿಲ್ಲವೆಂದು ರಾಜುರವರು ಅದೇ ಕಾಗದದಲ್ಲಿ ಬರೆದರು. ನಾವು ಈ ಮಾತನ್ನು ನಂಬಲು ಸಿದ್ಧರಿದ್ದೇವೆ. ನಮ್ಮ ಆಕ್ಷೇಪವೇ ಅದು. ಅರಿಯಬೇಕಾದವರು ಅರಿಯದೆ ಕುಳಿತಿದ್ದರು. ಹಿಂದಿನ ತಿಂಗಳಲ್ಲಿಯೇ ಅಧ್ಯಕ್ಷರ ಮನೆತನದ ಎರಡು ಕಂಪನಿಗಳನ್ನು ಕೊಳ್ಳಲು ಇದೇ ಮಂಡಲಿಯು ಒಪ್ಪಿತ್ತು. ಷೇರುದಾರರು ಕೂಗೆಬ್ಬಿಸಿದುದರಿಂದ ಅದು ನಿಂತಿತು.

ಅಂದು 2023ರ ನಿಯಮವು ಜಾರಿಯಲ್ಲಿದ್ದಿದ್ದರೆ ಏನಾಗುತ್ತಿತ್ತು? ಸುಳ್ಳು ಬಿಲ್ಲನ್ನು ಯಾರು, ಎಷ್ಟು ಗಂಟೆಗೆ ಬರೆದರೆಂಬುದನ್ನು ಯಂತ್ರವು ನಿಷ್ಠೆಯಿಂದ ಕಾಪಾಡಿಡುತ್ತಿತ್ತು. ಬರೆದದ್ದು ಸುಳ್ಳೆಂದು ಅದು ಹೇಳುತ್ತಿರಲಿಲ್ಲ. ಅದನ್ನು ತೆಗೆದು ಓದುವವರೊಬ್ಬರು ಬೇಕಾಗುತ್ತಿತ್ತು.

ಯಂತ್ರವು ಏನನ್ನೂ ದಾಖಲಿಸದೆ ಹೋದ ಉದಾಹರಣೆಯೂ ಉಂಟು. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿ ಶಾಖೆಯೊಂದರಿಂದ ಸಾಲದ ಹೊಣೆಪತ್ರಗಳು ಸ್ವಿಫ್ಟ್ ಎಂಬ ಸಂದೇಶವ್ಯವಸ್ಥೆಯ ಮೂಲಕ ಪರದೇಶಕ್ಕೆ ಹೋದುವು. ಬ್ಯಾಂಕಿನ ಲೆಕ್ಕದ ಯಂತ್ರಕ್ಕೆ ಅವುಗಳ ಸುಳಿವೇ ಇರಲಿಲ್ಲ. ಎರಡಕ್ಕೂ ಕೊಂಡಿಯನ್ನೇ ಹಾಕಿರಲಿಲ್ಲ. 2018ರ ಫೆಬ್ರುವರಿಯಲ್ಲಿ ಇದು ಬಯಲಾದಾಗ, 2016ನೆಯ ಆಗಸ್ಟಿನಿಂದ ಮೂರು ಸಲವಾದರೂ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿದ್ದೆವೆಂದು ರಿಸರ್ವ್ ಬ್ಯಾಂಕು ತಿಳಿಸಿತು. ಆ ಎಚ್ಚರಿಕೆಯ ಕಾಗದವು ಯಾರ ಮೇಜಿನ ಮೇಲೆ ಮಲಗಿತ್ತು?

2013ರ ಕಂಪನಿ ಕಾನೂನಿನಂತೆ ಲೆಕ್ಕ ಪರಿಶೋಧನಾ ಸಮಿತಿಯ ಹೆಚ್ಚಿನ ಸದಸ್ಯರು ಆರ್ಥಿಕ ತಖ್ತೆಯನ್ನು ಓದಿ ತಿಳಿಯಬಲ್ಲವರಾಗಿರಬೇಕು. ಒಳ್ಳೆಯದೇ. ಆದರೆ ತಖ್ತೆಯು ಯಂತ್ರದಿಂದ ಹೊರಬರುವ ಕೊನೆಯ ಸರಕು. ಮೋಸವು ಅದಕ್ಕೂ ಬಹಳ ಮೊದಲೇ ಒಳಗೆ ಸೇರಿರುತ್ತದೆ. ಮೊದಲು ಸಭೆಗೆ ದಪ್ಪ ಕಡತಗಳಾದರೂ ಬರುತ್ತಿದ್ದುವು, ಈಗ ಗಾಜಿನ ಫಲಕದ ಮೇಲೆ ಬೆರಳಾಡಿಸಿದರಾಯಿತು! ಮೇಲಾಗಿ ಕೃತಕ ಬುದ್ಧಿಯ ಯಂತ್ರಗಳು ಬಿಲ್ಲುಗಳನ್ನು ತಾವೇ ಓದಿ ತಾವೇ ಖಾತೆಗೆ ಹಚ್ಚತೊಡಗಿವೆ. ನಾಳೆ ತಪ್ಪು ಸಿಕ್ಕಿದಾಗ ಗುಮಾಸ್ತನು ಯಂತ್ರವನ್ನು ತೋರಿಸುವನು, ನಿರ್ದೇಶಕರು ಗುಮಾಸ್ತನನ್ನು ತೋರಿಸುವರು.

ಇಷ್ಟು ಹೊಣೆ ಹೊರಿಸಿದರೆ ಮರ್ಯಾದಸ್ಥರು ನಿರ್ದೇಶಕರಾಗಲು ಒಪ್ಪರೆಂಬ ವಾದವುಂಟು. ಪ್ರಶ್ನೆ ಕೇಳಲೊಲ್ಲದವರು ಒಪ್ಪದಿದ್ದರೆ ಷೇರುದಾರರಿಗೆ ನಷ್ಟವೇನೆಂಬುದು ನಮಗೆ ತಿಳಿಯದು. ಲೆಕ್ಕದ ಯಂತ್ರದಲ್ಲಿ ವಿಶೇಷಾಧಿಕಾರವುಳ್ಳವರ ಹೆಸರುಗಳನ್ನು ಸಮಿತಿಯು ಮೂರು ತಿಂಗಳಿಗೊಮ್ಮೆ ತರಿಸಿ ನೋಡಬೇಕು. ಬ್ಯಾಂಕಿನ ಶಿಲ್ಕನ್ನು ಕಂಪನಿಯ ಕೈಯಿಂದ ಪಡೆಯದೆ ಬ್ಯಾಂಕಿನಿಂದಲೇ ನೇರವಾಗಿ ಪಡೆಯಬೇಕು. ಹೀಗೆ ಮಾಡಿದೆವೆಂದು ವಾರ್ಷಿಕ ವರದಿಯಲ್ಲಿ ರುಜು ಹಾಕಿ ತಿಳಿಸಬೇಕು. ಸರಕಾರವು ಇದನ್ನು ಕಾನೂನಿನಲ್ಲಿಯೇ ಸೇರಿಸಲಿ. ಅಲ್ಲಿಯ ವರೆಗೆ, ಹತ್ತು ಷೇರುಗಳನ್ನಿಟ್ಟುಕೊಂಡ ನಮ್ಮ ವಾಚಕರೂ ಮುಂದಿನ ವಾರ್ಷಿಕ ಸಭೆಯಲ್ಲಿ ಎದ್ದುನಿಂತು, ಯಂತ್ರದ ಬೀಗದ ಕೈ ಯಾರಲ್ಲಿದೆಯೆಂದು ಅಧ್ಯಕ್ಷರನ್ನು ಕೇಳಬಹುದು.