ಟಲ್ಲಾ ಶಾಲೆಯ ಹುಡುಗರು

ಐರ್ಲೆಂಡ್ ದೇಶದ ಪಶ್ಚಿಮದಲ್ಲಿ ಕ್ಲೇರ್ ಎಂಬುದೊಂದು ಸೀಮೆ. ಅದರ ಪೂರ್ವಭಾಗದಲ್ಲಿ ಟಲ್ಲಾ ಎಂಬ ಸಣ್ಣ ಊರುಂಟು. ಆ ನಾಡಿನ ಹಳೆಯ ಭಾಷೆಯಲ್ಲಿ ಈ ಹೆಸರಿಗೆ ದಿಣ್ಣೆ ಎಂದು ಅರ್ಥ. ಆ ಊರಿನ ಹೆಸರನ್ನು ಹೊತ್ತು 1946ರಲ್ಲಿ ಹುಟ್ಟಿದ ವಾದ್ಯಮೇಳದಿಂದ ಅದರ ಕೀರ್ತಿ ಹೊರನಾಡುಗಳಿಗೂ ಹರಡಿತು. ಸಂಗೀತವನ್ನು ಬಿಟ್ಟರೆ ಹೊರಗಿನವರು ಆ ಊರನ್ನು ಕುರಿತು ಮಾತನಾಡುವ ಪ್ರಸಂಗಗಳು ಹೆಚ್ಚೇನೂ ಇರಲಿಲ್ಲ. ಹೀಗಿರುತ್ತ 2022ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಅಲ್ಲಿಯ ಸೇಂಟ್ ಜೋಸೆಫ್ ಮಾಧ್ಯಮಿಕ ಪಾಠಶಾಲೆಯ ಹುಡುಗರು ‘ಹಾರ್ಟಿ ಬಟ್ಟಲು’ ಎಂಬ ಬಿರುದಿನ ಪಂದ್ಯಾವಳಿಯನ್ನು ಗೆದ್ದರು. 1918ರಿಂದ ನಡೆದುಬಂದಿರುವ ಈ ಪಂದ್ಯಾವಳಿಯಲ್ಲಿ ಆ ಶಾಲೆಗೆ ಅದು ಮೊದಲನೆಯ ಗೆಲುವು.

ದೂರದೇಶದ ಹುಡುಗರ ಆಟದ ಮಾತು ನಮ್ಮ ಪುಟಕ್ಕೇಕೆ ಎಂದು ಕೇಳುವವರು ಇದ್ದಾರು. ಮಗನ ಪರೀಕ್ಷೆಯ ವರ್ಷ, ಅವನ ಆಟದ ಹುಚ್ಚು, ತಾಯಿಯ ಅಂಜಿಕೆ, ಉಪಾಧ್ಯಾಯರ ಶ್ರಮ, ಇವೆಲ್ಲವೂ ಈ ವೃತ್ತಾಂತದೊಳಗಿವೆ. ಇವು ಯಾವ ದೇಶದ ಸಂಸಾರಕ್ಕೆ ಹೊರಗು?

ಮೊದಲು ಆಟವು ಎಂಥದೆಂಬುದನ್ನು ತಿಳಿಸುವುದು ಅವಶ್ಯ. ಇದಕ್ಕೆ ಹರ್ಲಿಂಗ್ ಎಂದು ಹೆಸರು. ಪಂಗಡಕ್ಕೆ ಹದಿನೈದು ಮಂದಿ. ನಮ್ಮ ಹಾಕಿ ಆಟದ ಬಯಲಿಗಿಂತ ಬಹಳ ದೊಡ್ಡ ಬಯಲು. ಉದ್ದವು 130 ಮೀಟರಿಗೆ ಕಡಮೆಯಿಲ್ಲ. ಪ್ರತಿಯೊಬ್ಬನ ಕೈಯಲ್ಲಿಯೂ ತುದಿಯು ಚಪ್ಪಟೆಯಾಗಿ ಬಾಗಿದ ಒಂದು ಮರದ ಕೋಲು. ಚೆಂಡಿನ ಒಳಗೆ ಬೆಂಡಿನ ತಿರುಳು, ಮೇಲೆ ಚರ್ಮದ ಹೊದಿಕೆ. ತೂಕ 110ರಿಂದ 120 ಗ್ರಾಂ. ಹಾಕಿಯಲ್ಲಿ ಚೆಂಡು ಬಹುಮಟ್ಟಿಗೆ ನೆಲವನ್ನು ಬಿಡದು. ಇಲ್ಲಿಯಾದರೋ ಅದು ತಲೆಯ ಮೇಲೆ ಹಾರುತ್ತದೆ; ಆಟಗಾರನು ಅದನ್ನು ಬರಿಗೈಯಿಂದ ಹಿಡಿಯಬಹುದು, ಕೋಲಿನ ತುದಿಯಮೇಲೆ ಇಟ್ಟುಕೊಂಡು ಓಡಬಹುದು, ಆಕಾಶದಲ್ಲಿರುವಾಗಲೇ ಹೊಡೆಯಬಹುದು. ಎರಡು ಕಂಬಗಳ ನಡುವೆ ಒಂದು ಅಡ್ಡಪಟ್ಟಿ. ಅದರ ಕೆಳಗೆ ಚೆಂಡು ಹೊಕ್ಕರೆ ಒಂದು ಗೋಲು, ಮೇಲೆ ಹಾದುಹೋದರೆ ಒಂದು ಅಂಕ. ಒಂದು ಗೋಲು ಮೂರು ಅಂಕಗಳಿಗೆ ಸಮಾನ. ನೋಡುವವರಿಗೆ ಇದು ಯುದ್ಧದಂತೆಯೇ ತೋರುವುದು. 2010ನೆಯ ಇಸವಿಯಿಂದ ಎಲ್ಲ ವಯಸ್ಸಿನವರೂ ಶಿರಸ್ತ್ರಾಣ ಧರಿಸಲೇಬೇಕೆಂದು ಕಟ್ಟಳೆಯಾಗಿರುವುದರಿಂದ ತಾಯಂದಿರಿಗೆ ಕೊಂಚ ಸಮಾಧಾನ. ಹೆಣ್ಣುಮಕ್ಕಳೂ ಇದೇ ಆಟವನ್ನು ಸ್ವಲ್ಪ ಭೇದದೊಡನೆ ಕಮೋಗಿ ಎಂಬ ಹೆಸರಿನಿಂದ ಆಡುತ್ತಾರೆ. ಅವರ ಸಂಘವು 1904ರಷ್ಟು ಹಳೆಯದು.

ಆ ಕೋಲಿಗೆ ಐರಿಷ್ ಭಾಷೆಯಲ್ಲಿ ‘ಕಮಾನ್’ ಎನ್ನುತ್ತಾರೆ. ನಮ್ಮ ಕಮಾನು ನೆನಪಿಗೆ ಬಾರದಿರದು. ಆದರೆ ನಮ್ಮ ಶಬ್ದವು ಪಾರಸಿಯ ಬಿಲ್ಲಿನಿಂದ ಬಂದದ್ದು. ಅವರದು ಅವರ ಭಾಷೆಯ ‘ಕಮ್’ ಎಂಬ ಶಬ್ದದಿಂದ, ಎಂದರೆ ಬಾಗಿದ್ದು ಎಂಬರ್ಥದಿಂದ ಬಂದದ್ದು. ಕೇವಲ ಧ್ವನಿಸಾಮ್ಯದಿಂದ ನೆಂಟಸ್ತಿಕೆ ಹೂಡುವ ಉತ್ಸಾಹಿಗಳು ಇಲ್ಲಿ ಕೈ ತಡೆಯುವುದು ಲೇಸು. ಇದಕ್ಕಿಂತ ರಮಣೀಯವಾದ ಹೋಲಿಕೆ ಪುರಾಣದಲ್ಲಿದೆ. ಸೇತಾಂತ ಎಂಬ ಐರಿಷ್ ಬಾಲವೀರನು ಕೋಲು ಚೆಂಡುಗಳನ್ನು ಹಿಡಿದು ಒಬ್ಬ ಕಮ್ಮಾರನ ಮನೆಗೆ ಔತಣಕ್ಕೆ ಹೋಗುವಾಗ ಅಲ್ಲಿಯ ಕಾವಲುನಾಯಿ ಮೇಲೆ ಹಾಯಿತಂತೆ. ಅವನು ಚೆಂಡನ್ನು ಹೊಡೆದು ಅದರ ಗಂಟಲಿಗೆ ತುರುಕಿಬಿಟ್ಟನಂತೆ. ಮಹಾಭಾರತದ ಆದಿಪರ್ವದಲ್ಲಿ ಏಕಲವ್ಯನು ಬೊಗಳುವ ನಾಯಿಯ ಬಾಯನ್ನು ಬಾಣಗಳಿಂದ ತುಂಬಿದುದನ್ನು ಬಲ್ಲ ನಮಗೆ ಆ ಬಾಲಕನು ಅಪರಿಚಿತನೆನಿಸುವುದಿಲ್ಲ. ಏಕಲವ್ಯನ ನಾಯಿ ಮಾತ್ರ ಬದುಕಿ ಪಾಂಡವರ ಬಳಿಗೆ ಹೋಯಿತು, ಇದು ಸತ್ತಿತು. ಸತ್ತ ನಾಯಿಗೆ ಬದಲಾಗಿ ತಾನೇ ಆ ಮನೆಯನ್ನು ಕಾಯುವೆನೆಂದು ಹುಡುಗನು ಮಾತು ಕೊಟ್ಟನು. ಆದುದರಿಂದ ‘ಕೂಲನ್ ಎಂಬವನ ನಾಯಿ’ ಎಂದರ್ಥ ಬರುವ ಕೂಹುಲಿನ್ ಎಂಬುದೇ ಅವನಿಗೆ ಹೆಸರಾಯಿತು.

ಆಟವು ಇಷ್ಟು ಪುರಾತನವಾದರೂ ಅದರ ಬಾಳು ಸುಗಮವಾಗಿರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಆಂಗ್ಲ ಪ್ರಭುಗಳು ಕಿಲ್ಕೆನಿ ಪಟ್ಟಣದಲ್ಲಿ ಕೂಡಿ ವಿಧಿಸಿದ ಶಾಸನವು ಇದನ್ನು ನಿಷೇಧಿಸಿತು. ಇಂದು ವಯಸ್ಕರ ಅಖಿಲ ಐರ್ಲೆಂಡ್ ಪಂದ್ಯವನ್ನು ಎಲ್ಲರಿಗಿಂತ ಹೆಚ್ಚು ಸಲ ಗೆದ್ದಿರುವುದು ಅದೇ ಕಿಲ್ಕೆನಿ ಸೀಮೆ. ಶಾಸನಗಳ ಆಯುಸ್ಸು ಇಷ್ಟೇ! ಹತ್ತೊಂಬತ್ತನೆಯ ಶತಮಾನದ ಕ್ಷಾಮದಿಂದಲೂ ವಲಸೆಯಿಂದಲೂ ಊರುಗಳು ಬರಿದಾಗಿ ಆಟವು ನಂದಿಹೋಗುತ್ತಿರಲು, 1884ರ ನವೆಂಬರ್ 1ರಂದು ಥರ್ಲೆಸ್ ಪಟ್ಟಣದ ಒಂದು ಹೋಟಲಿನಲ್ಲಿ ಬೆರಳೆಣಿಕೆಯ ಜನ ಸೇರಿ ಅದನ್ನು ಉಳಿಸಲು ಒಂದು ಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಮುಖ್ಯನಾದ ಮೈಕೆಲ್ ಕ್ಯೂಸಾಕ್ ಕ್ಲೇರ್ ಸೀಮೆಯಲ್ಲಿ ಹುಟ್ಟಿದವನು, ವೃತ್ತಿಯಿಂದ ಶಾಲಾಮಾಸ್ತರನು, ಡಬ್ಲಿನ್ ನಗರದಲ್ಲಿ ಹುಡುಗರನ್ನು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ತಯಾರು ಮಾಡುವ ಪಾಠಶಾಲೆಯನ್ನು ನಡೆಸುತ್ತಿದ್ದವನು. ಪರೀಕ್ಷೆಯೂ ಆಟವೂ ಹಾವು ಮುಂಗುಸಿಗಳೆಂದು ತಿಳಿದ ನಮ್ಮ ವೃತ್ತಿಬಾಂಧವರು ಇದನ್ನು ಗಮನಿಸಬೇಕು.

ಈ ಸಂಘದ ಏರ್ಪಾಡಿನಲ್ಲಿ ಒಂದು ವಿಶೇಷವಿದೆ. ಯಾವ ಆಟಗಾರನಿಗೂ ಸಂಬಳವಿಲ್ಲ. ಎಂಬತ್ತು ಸಾವಿರ ಜನರ ಎದುರಿಗೆ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಆಡುವವನೂ ಸೋಮವಾರ ಬೆಳಗ್ಗೆ ತನ್ನ ಶಾಲೆಗೋ ಹೊಲಕ್ಕೋ ಅಂಗಡಿಗೋ ಹೋಗಬೇಕು. ಒಬ್ಬೊಬ್ಬನೂ ಆಡುವುದು ತಾನು ಹುಟ್ಟಿ ಬೆಳೆದ ಊರಿಗಾಗಿ. ಪ್ರತಿ ಇಗರ್ಜಿಯ ಸುತ್ತಣ ಗ್ರಾಮಸಮೂಹಕ್ಕೂ ಒಂದು ಪಂಗಡ, ಅದಕ್ಕೊಂದು ಬಣ್ಣ. ಪಕ್ಕದ ಊರೇ ಪ್ರಬಲ ವೈರಿ. ಇಲ್ಲಿ ಶಾಲೆಯ ಪಂದ್ಯಾವಳಿಯ ಮಹಿಮೆ ತಿಳಿಯುತ್ತದೆ. ಮಾಧ್ಯಮಿಕ ಪಾಠಶಾಲೆಗೆ ಸುತ್ತಮುತ್ತಣ ಅನೇಕ ಊರುಗಳ ಮಕ್ಕಳು ಬರುವರು. ಬೇಸಿಗೆಯಲ್ಲಿ ಒಬ್ಬರ ಮೊಣಕೈಯನ್ನೊಬ್ಬರು ಕೋಲಿನಿಂದ ತಟ್ಟಿದ ಹುಡುಗರು ಚಳಿಗಾಲದಲ್ಲಿ ಒಂದೇ ಬಣ್ಣದ ಅಂಗಿಯನ್ನು ತೊಟ್ಟು ಒಂದೇ ಗಾಡಿಯಲ್ಲಿ ಕುಳಿತು ಹೋಗುವರು. ಆ ನಾಡಿನಲ್ಲಿ ಊರಿನ ಗಡಿಯನ್ನು ಹೀಗೆ ಅಳಿಸುವ ಬೇರೊಂದು ಸಾಧನವನ್ನು ನಾವು ಕಾಣೆವು.

ದಕ್ಷಿಣದ ಮನ್‌ಸ್ಟರ್ ಪ್ರಾಂತದ ಶಾಲೆಗಳಿಗಾಗಿ, ಆಗ ಕ್ಯಾಷೆಲಿನ ಆರ್ಚ್‌ಬಿಷಪ್ ಆಗಿದ್ದ ಜಾನ್ ಹಾರ್ಟಿ ಎಂಬವರ ಹೆಸರಿನಲ್ಲಿ ಈ ಬಟ್ಟಲು ಮೊದಲಾಯಿತು. ಹತ್ತೊಂಬತ್ತರೊಳಗಿನ ಹುಡುಗರಿಗೆ ಮಾತ್ರ ಪ್ರವೇಶ. ಶರತ್ಕಾಲದಲ್ಲಿ ಆರಂಭವಾಗಿ, ಕೆಸರು, ಮಂಜು, ಅಡ್ಡಮಳೆಗಳನ್ನು ದಾಟಿ ಫೆಬ್ರವರಿಯ ಹೊತ್ತಿಗೆ ಮುಗಿಯುತ್ತದೆ. ಅಲ್ಲಿ ಮೇಲಾದವರು 1944ರಲ್ಲಿ ಹುಟ್ಟಿದ ಕ್ರೋಕ್ ಬಟ್ಟಲಿಗಾಗಿ ಇತರ ಪ್ರಾಂತಗಳ ಶಾಲೆಗಳನ್ನು ಎದುರಿಸುತ್ತಾರೆ. ಕಾರ್ಕ್ ನಗರದ ನಾರ್ತ್ ಮಾನಾಸ್ಟರಿ, 1964ರಿಂದ 1967ರವರೆಗೆ ಸತತವಾಗಿ ನಾಲ್ಕು ವರ್ಷ ಗೆದ್ದ ಲಿಮರಿಕ್ಕಿನ ಕ್ರಿಶ್ಚಿಯನ್ ಬ್ರದರ್ಸ್ ಶಾಲೆ, ಎಲ್ಲರಿಗೂ ಮಿಗಿಲಾಗಿ ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದ ಎನ್ನಿಸ್ ಪಟ್ಟಣದ ಸೇಂಟ್ ಫ್ಲಾನನ್ ಕಾಲೇಜು, ಇವು ಈ ಚರಿತ್ರೆಯ ದೊಡ್ಡ ಮನೆತನಗಳು. ಎನ್ನಿಸ್ಸಿಗೂ ಟಲ್ಲಾ ಊರಿಗೂ ನಡುವೆ ಇರುವುದು ಸುಮಾರು ಹತ್ತು ಮೈಲಿ. ದೊಡ್ಡ ಆಲದ ಮರದ ನೆರಳಿನಲ್ಲಿ ಬೆಳೆಯುವ ಸಸಿಯ ಕಷ್ಟವೇನೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಹುಡುಗನಿಗೆ ಹಾರ್ಟಿ ಬಟ್ಟಲಿನ ಕಡೆಯ ಅವಕಾಶ ಬರುವುದು ಸಾಮಾನ್ಯವಾಗಿ ಅವನ ಶಾಲೆಯ ಕಡೆಯ ವರ್ಷದಲ್ಲಿ. ಅದೇ ವರ್ಷ ಜೂನ್ ತಿಂಗಳಲ್ಲಿ ‘ಲೀವಿಂಗ್ ಸರ್ಟಿಫಿಕೇಟ್’ ಎಂಬ ಮಹಾಪರೀಕ್ಷೆ. ವಿಶ್ವವಿದ್ಯಾನಿಲಯದ ಬಾಗಿಲು ಅದರಿಂದಲೇ ತೆರೆಯಬೇಕು. ಸಂಜೆ ಮೂಳೆಯವರೆಗೂ ನೆನೆದು ಮನೆಗೆ ಬಂದ ಮಗನು ಪುಸ್ತಕದ ಮೇಲೆ ತೂಕಡಿಸುವುದನ್ನು ಕಂಡ ತಾಯ್ತಂದೆಗಳಿಗೆ ಏನನ್ನಿಸುವುದೆಂದು ವಿವರಿಸಬೇಕಾಗಿಲ್ಲ. ಆಟದ ಪಕ್ಷದವರು ಜಾಕ್ ಲಿಂಚ್ ಎಂಬವರನ್ನು ಸಾಕ್ಷಿಗೆ ಕರೆಯುತ್ತಾರೆ. ನಾರ್ತ್ ಮಾನಾಸ್ಟರಿಯ ವಿದ್ಯಾರ್ಥಿಯಾಗಿ ಹಾರ್ಟಿ ಬಟ್ಟಲನ್ನು ಗೆದ್ದವರಲ್ಲಿ ಅವರೊಬ್ಬರು. 1941ರಿಂದ 1946ರವರೆಗೆ ಆರು ವರ್ಷಗಳೂ ಕಾರ್ಕ್ ಸೀಮೆಯ ಪರವಾಗಿ ಅಖಿಲ ಐರ್ಲೆಂಡ್ ಪದಕವನ್ನು ಪಡೆದರು. ಐದು ಹರ್ಲಿಂಗಿನಲ್ಲಿ, 1945ರದು ಅವರ ದೇಶದ ಕಾಲ್ಚೆಂಡಾಟದಲ್ಲಿ. ನಡುವೆ ನ್ಯಾಯಶಾಸ್ತ್ರವನ್ನು ಓದಿ ವಕೀಲರಾದರು. 1966ರಲ್ಲಿ ದೇಶದ ಪ್ರಧಾನಿಯೂ ಆದರು. ಒಬ್ಬ ಲಿಂಚ್‌ನಿಂದ ಸಿದ್ಧಾಂತವು ಸ್ಥಾಪಿತವಾಗದು, ನಿಜ. ಆಟವಾಡದೆ ಮನೆಯಲ್ಲಿಯೇ ಕುಳಿತು ತೂಕಡಿಸಿದ ಹುಡುಗರನ್ನೂ ನಾವು ಬೇಕಾದಷ್ಟು ನೋಡಿದ್ದೇವೆ.

ಉಪಾಧ್ಯಾಯರ ಪಾಲನ್ನು ಮರೆಯಬಾರದು. ಗಣಿತವನ್ನೋ ಭೂಗೋಲವನ್ನೋ ಹೇಳಿದ ಮಾಸ್ತರೇ ಗಂಟೆ ಹೊಡೆದ ಮೇಲೆ ಮೈದಾನಕ್ಕಿಳಿದು ಕತ್ತಲಾಗುವವರೆಗೆ ಹುಡುಗರೊಡನೆ ನಿಲ್ಲುತ್ತಾರೆ. ಆ ದುಡಿಮೆಗೆ ಬೇರೆ ವೇತನವಿಲ್ಲ.

ಈಗ ಆ ಎರಡು ಚಳಿಗಾಲಗಳ ಮಾತಿಗೆ ಬರೋಣ. 2020ರ ಮಾರ್ಚ್ 12ರಂದು ಮಹಾಮಾರಿಯ ನಿಮಿತ್ತ ಐರ್ಲೆಂಡಿನ ಶಾಲೆಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆಯಾಯಿತು. ಆ ಬೇಸಿಗೆಯ ಮಹಾಪರೀಕ್ಷೆಯನ್ನು ಬರೆಯಿಸಲಾಗಲಿಲ್ಲ. ಆದರೆ ವಿದ್ಯಾರ್ಥಿಗಳನ್ನು ನಡುನೀರಿನಲ್ಲಿ ಬಿಡಲಿಲ್ಲ. ಉಪಾಧ್ಯಾಯರು ಅವರವರ ಯೋಗ್ಯತೆಯನ್ನು ಅಂದಾಜು ಮಾಡಿ ಕಳುಹಿಸಿದ ಎಣಿಕೆಯ ಆಧಾರದಿಂದ ಅಂಕಗಳನ್ನು ಕೊಡಲಾಯಿತು. 2020-21ರ ಚಳಿಗಾಲದಲ್ಲಿ ಹಾರ್ಟಿ ಪಂದ್ಯಾವಳಿಯೂ ನಡೆಯಲಿಲ್ಲ. ಇದಕ್ಕೆ ಅಂದಾಜಿನ ಅಂಕವನ್ನು ಕೊಡುವವರಾರು? ಗೆಲ್ಲಬಹುದಾಗಿದ್ದವನು ಗೆದ್ದನೆಂದು ಬರೆಯಲು ಬರುವುದಿಲ್ಲ. ಸೋಲಬಹುದಾಗಿದ್ದವನಿಗೆ ಸೋಲಿನ ಗೌರವವೂ ಸಿಕ್ಕುವುದಿಲ್ಲ. ಎಳೆಯ ವಯಸ್ಸಿನಿಂದ ಆ ಒಂದು ವರ್ಷಕ್ಕಾಗಿ ಕೋಲು ಹಿಡಿದವರು ಹತ್ತೊಂಬತ್ತನ್ನು ದಾಟಿ ಶಾಲೆಯನ್ನು ಬಿಟ್ಟರು. ಆ ಕಾಲದಲ್ಲಿ ಜನರು ಪ್ರಾಣವನ್ನೇ ಕಳೆದುಕೊಂಡರಲ್ಲ, ಆಟ ಹೋದರೇನು ಎಂದು ಹೇಳುವುದು ಸುಲಭ. ದೊಡ್ಡ ದುಃಖವಿದ್ದ ಮಾತ್ರಕ್ಕೆ ಚಿಕ್ಕ ದುಃಖವು ಸುಳ್ಳಾಗುವುದಿಲ್ಲವೆಂದು ನಮ್ಮ ಅಭಿಪ್ರಾಯ. ಹದಿನೆಂಟರ ಹುಡುಗನಿಗೆ ಅದು ಚಿಕ್ಕದೂ ಅಲ್ಲ. ವಿದ್ಯಾಲಾಭವು ಕಾಲಾಂತರದಲ್ಲಾದರೂ ಆದೀತು. ಕಳೆದುಹೋದ ಕೌಮಾರವನ್ನು ಮರಳಿ ತರುವ ಪ್ರಾಯಶ್ಚಿತ್ತವಿಧಿ ನಾವು ಓದಿದ ಯಾವ ಶಾಸ್ತ್ರದಲ್ಲಿಯೂ ಇಲ್ಲ.

2021ರ ಶರತ್ಕಾಲದಲ್ಲಿ ಮೈದಾನಗಳು ಮತ್ತೆ ತೆರೆದವು. ಒಂದು ವರ್ಷದ ಮೌನದ ಅನಂತರ ಬಂದ ಈ ಸುಗ್ಗಿಯಲ್ಲಿಯೇ ಟಲ್ಲಾ ಶಾಲೆಯವರು ಮೇಲಕ್ಕೆ ಬಂದುದು. ಅಂತಿಮ ಪಂದ್ಯದಲ್ಲಿ ಅವರಿಗೆ ಎದುರಾದುದು ಲಿಮರಿಕ್ ನಗರದ ಆರ್ಡ್‌ಸ್ಕಾಲ್ ರೀಷ್ ಎಂಬ ಶಾಲೆ. 2010ರಿಂದೀಚೆಗೆ ಬಟ್ಟಲನ್ನು ಮತ್ತೆ ಮತ್ತೆ ಎತ್ತಿದ, ಪಂದ್ಯದ ಮರ್ಮವನ್ನೆಲ್ಲ ಅರಿತ ಪಂಗಡ ಅದು. ಗ್ರಾಮಾಂತರದ ಶಾಲೆ ನಗರದ ಶಾಲೆಯನ್ನು ಸೋಲಿಸಿ ಬಟ್ಟಲನ್ನು ದಿಣ್ಣೆಯೂರಿಗೆ ಒಯ್ದಿತು. ಮರುವರ್ಷ, ಎಂದರೆ 2023ರಲ್ಲಿ, ಇನ್ನೊಂದು ಸೋಜಿಗ: ಕ್ಯಾಷೆಲ್ ಪಟ್ಟಣದ ಕಮ್ಯೂನಿಟಿ ಶಾಲೆಯು ತಾನೂ ಮೊದಲನೆಯ ಬಾರಿಗೆ ಗೆದ್ದಿತು. 1918ರಲ್ಲಿ ಮೊದಲು ಗೆದ್ದ ರಾಕ್‌ವೆಲ್ ಕಾಲೇಜು ಅದೇ ಊರಿಗೆ ಕೆಲವೇ ಮೈಲಿಗಳ ದೂರದಲ್ಲಿದೆ. ಈಗ ಅದರ ಹೆಸರು ಕೇಳಿಬರುವುದು ರಗ್ಬಿ ಆಟದಲ್ಲಿ. ಹಾರ್ಟಿಯವರ ಪೀಠದ ಹೆಸರನ್ನು ಹೊತ್ತ ಪಟ್ಟಣದ ಶಾಲೆಗೆ ಅವರ ಬಟ್ಟಲು ದಕ್ಕಲು ನೂರ ಐದು ವರ್ಷ ಹಿಡಿಯಿತು.

ಈ ನಡುವೆ ಆಟಕ್ಕೆ ಬೇರೊಂದು ಕಡೆಯಿಂದ ಕಂಟಕ ಒದಗಿದೆ. ಕೋಲುಗಳನ್ನು ಮಾಡುವುದು ಆಷ್ ಎಂಬ ಮರದಿಂದ. ಅದರ ಬುಡದ ನಾಲ್ಕಡಿಯಷ್ಟು ಭಾಗದಲ್ಲಿ ಎಳೆಗಳು ಬೇರಿನ ಕಡೆಗೆ ತಾವಾಗಿ ಬಾಗಿರುವುದರಿಂದ ಏಟಿಗೆ ಕೋಲು ಸೀಳುವುದಿಲ್ಲ. ಆ ಮರಗಳನ್ನು ಒಣಗಿಸಿ ಕೊಲ್ಲುವ ಬೂಷ್ಟಿನ ರೋಗವು 2012ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡು ಕ್ರಮವಾಗಿ ದೇಶವನ್ನೆಲ್ಲ ವ್ಯಾಪಿಸಿತು. ಹೊರದೇಶದ ಮರವನ್ನು ತರಿಸುತ್ತಾರೆ. ಬಿದಿರಿನಿಂದಲೂ ಕೋಲುಗಳನ್ನು ಮಾಡತೊಡಗಿದ್ದಾರೆ. ಹಳಬರು ಏಟಿನ ಸದ್ದು ಬೇರೆಯಾಯಿತೆಂದು ಗೊಣಗಿದರೆ ಆಶ್ಚರ್ಯವಿಲ್ಲ. 2018ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಆಟವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಟಲ್ಲಾ ಶಾಲೆಗೆ ಬಟ್ಟಲನ್ನು ತಂದ ಆ ಪಂಗಡವು ಮತ್ತೆ ಅದೇ ರೂಪದಲ್ಲಿ ಕೂಡಲಾರದು. ಶಾಲೆಯ ಪಂಗಡಗಳ ಸ್ವಭಾವವೇ ಹಾಗೆ. ಕಡೆಯ ವರ್ಷದವರು ಜೂನ್ ತಿಂಗಳಲ್ಲಿ ಪರೀಕ್ಷೆ ಬರೆದು ಚದರಿಹೋಗುತ್ತಾರೆ. ಬೇಸಿಗೆಯಲ್ಲಿ ಅವರವರ ಊರಿನ ಅಂಗಿಯನ್ನು ತೊಟ್ಟು, ಫೆಬ್ರವರಿಯಲ್ಲಿ ಭುಜಕ್ಕೆ ಭುಜ ಕೊಟ್ಟವನ ಎದುರಿಗೆ ಕೋಲು ಹಿಡಿದು ನಿಲ್ಲುತ್ತಾರೆ.