ಒಂದಂಗುಲದ ಹೊಸ್ತಿಲು

ಗಾರ್ಡನ್ ಹಾರ್ಟ್‌ಮನ್ ಎಂಬುವರು ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದವರು. ಮನೆಗಳನ್ನು ಕಟ್ಟಿ ಮಾರುವ ಉದ್ಯಮದಲ್ಲಿದ್ದವರು. ಅವರ ಮಗಳು ಮಾರ್ಗನ್‌ಗೆ ದೇಹದ ಬೆಳವಣಿಗೆಯಲ್ಲೂ ಬುದ್ಧಿಯ ಬೆಳವಣಿಗೆಯಲ್ಲೂ ತೊಡಕು. 2006ರಲ್ಲಿ ಈ ಕುಟುಂಬ ರಜೆ ಕಳೆಯಲು ಹೋಗಿತ್ತು. ಈಜುಕೊಳದಲ್ಲಿ ಮಕ್ಕಳು ಆಡುವುದನ್ನು ಕಂಡು, 12 ವರ್ಷದ ಮಾರ್ಗನ್ ತಾನೂ ಸೇರಿಕೊಳ್ಳಲು ಹೋದಳು. ಅವಳೊಡನೆ ಹೇಗೆ ಆಡಬೇಕೆಂದು ತಿಳಿಯದ ಆ ಮಕ್ಕಳು ಕೊಳ ಬಿಟ್ಟು ಹೊರಟುಹೋದರು.

ಮಗಳನ್ನು ಯಾವ ಅಳುಕೂ ಇಲ್ಲದೆ ಆಡಲು ಕರೆದೊಯ್ಯಬಹುದಾದ ಜಾಗ ಎಲ್ಲಿದೆ ಎಂದು ಹಾರ್ಟ್‌ಮನ್ ಹುಡುಕಿದರು. ಸಿಗಲಿಲ್ಲ. ಕೊನೆಗೆ ತಾವೇ ಒಂದನ್ನು ಕಟ್ಟಿದರು. ಕಲ್ಲು ತೆಗೆದು ಬಿಟ್ಟಿದ್ದ ಹಳೆಯ ಗಣಿಯ ನೆಲದಲ್ಲಿ, 25 ಎಕರೆಯಲ್ಲಿ, 2010ರ ಏಪ್ರಿಲ್‌ನಲ್ಲಿ ತೆರೆದ ಈ ಮನರಂಜನಾ ಉದ್ಯಾನದ ಹೆಸರು ‘ಮಾರ್ಗನ್ಸ್ ವಂಡರ್‌ಲ್ಯಾಂಡ್’. ಅಂಗವೈಕಲ್ಯವುಳ್ಳವರಿಗೆ ಅಲ್ಲಿ ಪ್ರವೇಶ ಶುಲ್ಕವಿಲ್ಲ. ಹಾಗೆಂದು ಅದು ಅವರಿಗೆ ಮಾತ್ರ ಮೀಸಲಾದ ಜಾಗವೂ ಅಲ್ಲ. ಗಾಲಿಕುರ್ಚಿಯ ಹುಡುಗನೂ ಅವನ ತಂಗಿಯೂ ಒಂದೇ ಆಟದಲ್ಲಿ ಕೂರಬೇಕೆಂಬುದೇ ಅದನ್ನು ಕಟ್ಟಿದ ಉದ್ದೇಶ.

ಬೇರೆ ಕಡೆ ಹಾಗೆ ಕೂರಲು ಏನು ಅಡ್ಡಿ? ಆಟಗಳ ವೇಗ, ಎತ್ತರ, ತಿರುಗಾಟ ಎಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ಎಷ್ಟೋ ವೇಳೆ ಅಡ್ಡಿ ಇರುವುದು ಅಲ್ಲಲ್ಲ, ಹತ್ತುವ ಜಾಗದಲ್ಲಿ. ಒಂದಂಗುಲದ ಒಂದು ಹೊಸ್ತಿಲು ಸಾಕು. ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಇದನ್ನು ಲೆಕ್ಕ ಹಾಕಿ ನೋಡಬಹುದು.

ಗಾಲಿಕುರ್ಚಿಯ ಹಿಂದಿನ ಚಕ್ರಗಳು ದೊಡ್ಡವು, ವ್ಯಾಸ ಸುಮಾರು 60 ಸೆಂಟಿಮೀಟರ್. ಮುಂದಿನವು ಚಿಕ್ಕವು, 15 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಈ ಚಿಕ್ಕ ಚಕ್ರಗಳ ಮೇಲೆ 20 ಕಿಲೋ ಭಾರ ಬಿದ್ದಿದೆ. ಎದುರಿಗೆ ಎರಡೂವರೆ ಸೆಂಟಿಮೀಟರ್, ಅಂದರೆ ಒಂದಂಗುಲದ ಅಂಚು. ಚಕ್ರ ಅದನ್ನು ಏರಬೇಕಾದರೆ ಆ ಅಂಚಿನ ಮೂಲೆಯನ್ನೇ ಆಧಾರಬಿಂದುವಾಗಿಸಿಕೊಂಡು ತಿರುಗಬೇಕು. ಸನ್ನೆಕೋಲಿನ ನಿಯಮ ಹಾಕಿದರೆ, ಚಕ್ರದ ಅಚ್ಚನ್ನು ಅಡ್ಡಲಾಗಿ ನೂಕಲು ಬೇಕಾದ ಬಲ 22 ಕಿಲೋ ತೂಕಕ್ಕಿಂತಲೂ ಹೆಚ್ಚು! ಅಂದರೆ ಎತ್ತಿ ಇಡುವುದೇ ಸುಲಭ. ಅದೇ ಭಾರ, ಅದೇ ಅಂಚು, ಆದರೆ ಚಕ್ರ ದೊಡ್ಡದಾದರೆ 9 ಕಿಲೋ ತೂಕದಷ್ಟು ಬಲ ಸಾಕು. ಎತ್ತಿನ ಗಾಡಿಗೆ ಆಳೆತ್ತರದ ಚಕ್ರ ಹಾಕಿದ ಹಿರಿಯರು ಈ ಸಮೀಕರಣವನ್ನು ಓದಿರಲಿಲ್ಲ, ಆದರೆ ಅದರ ಫಲಿತಾಂಶ ಅವರಿಗೆ ಗೊತ್ತಿತ್ತು. ಗಾಲಿಕುರ್ಚಿಯನ್ನು ನೂಕುವವರು ಹೊಸ್ತಿಲು ಬಂದಾಗ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಮುಂಗಾಲಿಗಳನ್ನು ಮೇಲೆತ್ತುವುದೂ ಇದಕ್ಕೇ. ಒಬ್ಬಳೇ ಬಂದ ಹುಡುಗಿಗೆ ಹಾಗೆ ಎತ್ತುವವರು ಯಾರು?

ಎತ್ತರ ಏರಬೇಕಾದಾಗ ಮೆಟ್ಟಿಲಿಗೆ ಬದಲಾಗಿ ರ‍್ಯಾಂಪ್ ಕಟ್ಟುತ್ತಾರೆ. ಒಂದಡಿ ಏರಲು 12 ಅಡಿ ಉದ್ದದ ಇಳಿಜಾರು ಇರಬೇಕೆಂಬುದು ಅಮೆರಿಕದ ನಿಯಮ. ಭಾರತದ ಕಟ್ಟಡ ನಿಯಮಗಳಲ್ಲೂ ಈ ಅನುಪಾತ ಕಾಣುತ್ತದೆ. ಕುರ್ಚಿ, ಕುಳಿತವರು ಸೇರಿ 60 ಕಿಲೋ ಆದರೆ ಇಂಥ ಇಳಿಜಾರಿನಲ್ಲಿ ನೂಕಲು ಸುಮಾರು 5 ಕಿಲೋ ತೂಕದಷ್ಟು ಬಲ ಬೇಕು, ಘರ್ಷಣೆಯದು ಬೇರೆ. ಜಾಗ ಉಳಿಸಲೆಂದು ಉದ್ದವನ್ನು ಅರ್ಧ ಮಾಡಿದರೆ ಬಲ ಇಮ್ಮಡಿಯಾಗುತ್ತದೆ; ಇಳಿಯುವಾಗ ಕುರ್ಚಿ ಕೈಮೀರಿ ಓಡುವ ಅಪಾಯ ಬೇರೆ. ಕಡಿದಾದ ರ‍್ಯಾಂಪ್ ಕಟ್ಟಿಸಿ, ‘ಸೌಲಭ್ಯ ಒದಗಿಸಿದ್ದೇವೆ’ ಎಂದು ಫಲಕ ಹಾಕುವವರು ಒಮ್ಮೆ ತಾವೇ ಕುರ್ಚಿಯಲ್ಲಿ ಕುಳಿತು ಅದನ್ನು ಹತ್ತಿ ನೋಡಬೇಕು. ಆಟಿಕೆಯ ಕಾರು, ಒಂದು ಹಲಗೆ, ಸ್ಪ್ರಿಂಗ್ ತಕ್ಕಡಿ ಇದ್ದರೆ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಮನೆಯಲ್ಲೇ ಅಳೆಯಬಹುದು.

ಆಟದ ಬಂಡಿಗಳಿಗೂ ಅಮೆರಿಕದಲ್ಲಿ ನಿಯಮವಿದೆ. ಅಂಗವೈಕಲ್ಯವುಳ್ಳವರ ಹಕ್ಕಿನ ಕಾನೂನು ಅಲ್ಲಿ 1990ರಲ್ಲಿ ಬಂತು. ಅದರಡಿ ಹೊರಬಂದ 2010ರ ಮಾನದಂಡಗಳ ಪ್ರಕಾರ, ಹೊಸದಾಗಿ ಕಟ್ಟುವ ಬಹುತೇಕ ಆಟಗಳಲ್ಲಿ ಗಾಲಿಕುರ್ಚಿಗೇ ಒಂದು ಜಾಗ, ಇಲ್ಲವೇ ಕುರ್ಚಿಯಿಂದ ಜಾರಿ ಕೂರಬಹುದಾದ ಆಸನ ಅಥವಾ ಹಾಗೆ ದಾಟಿಸುವ ಸಾಧನ ಇರಬೇಕು. ಕುರ್ಚಿ ನೇರವಾಗಿ ಒಳಹೋಗುವ ಕಡೆ ಕಟ್ಟೆಗೂ ಬಂಡಿಯ ನೆಲಕ್ಕೂ ನಡುವಿನ ಸಂದು 3 ಅಂಗುಲ ಮೀರಬಾರದು. ಎತ್ತರದ ವ್ಯತ್ಯಾಸ ಒಂದಂಗುಲದ ಎಂಟನೇ ಐದು ಭಾಗವನ್ನು ದಾಟಬಾರದು. ಕಾನೂನು ಇಷ್ಟು ಚಿಕ್ಕ ಅಳತೆಗೆ ಇಳಿದದ್ದೇಕೆಂಬುದು ಮೇಲಿನ ಲೆಕ್ಕ ಮಾಡಿದವರಿಗೆ ಅರ್ಥವಾಗುತ್ತದೆ.

ಹಾಗಾದರೆ ಕುರ್ಚಿಯ ಸಮೇತ ಎಲ್ಲ ಆಟವನ್ನೂ ಹತ್ತಬಹುದೇ? ಇಲ್ಲ. ರೋಲರ್ ಕೋಸ್ಟರ್ ಕಣಿವೆಗೆ ಧುಮುಕಿ ಮೇಲೇಳುವಾಗ ದೇಹದ ತೂಕ ಎರಡು ಮೂರು ಪಟ್ಟಾದಂತೆ ತೋರುತ್ತದೆ. ದಿಬ್ಬದ ನೆತ್ತಿಯಲ್ಲಿ ತೂಕವೇ ಇಲ್ಲದಂತೆ ದೇಹ ಆಸನದಿಂದ ಏಳಲು ನೋಡುತ್ತದೆ. ಸಾಧಾರಣ ಗಾಲಿಕುರ್ಚಿಯನ್ನು ಈ ಎಳೆದಾಟಕ್ಕೆಂದು ಮಾಡಿರುವುದಿಲ್ಲ. ಹೀಗಾಗಿ ಅಂಥ ಬಂಡಿಯ ಆಸನಕ್ಕೇ ದಾಟಿ ಕೂರಬೇಕು. ಬಂಡಿ ಎತ್ತರದಲ್ಲಿ ಕೆಟ್ಟು ನಿಂತರೆ ಕೆಳಗಿಳಿಸುವುದು ಹೇಗೆಂಬ ಪ್ರಶ್ನೆಯೂ ಉಂಟು. ಇವು ನಿಜವಾದ ಕಾರಣಗಳು. ಆದರೆ ನಿಧಾನವಾಗಿ ಸಾಗುವ ದೋಣಿ, ರೈಲು, ತೊಟ್ಟಿಲುಗಳಿಗೆ ಈ ಕಾರಣ ಹೊಂದದು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಆಟದಲ್ಲಿ ಗಾಲಿಕುರ್ಚಿಯೇ ಹತ್ತಬಲ್ಲ ದೋಣಿಯಿದೆ.

ಸ್ಯಾನ್ ಆಂಟೋನಿಯೊದ ಉದ್ಯಾನದಲ್ಲಿ ಉಯ್ಯಾಲೆಗೂ ಗಾಲಿಕುರ್ಚಿ ಹತ್ತುತ್ತದೆ. ಮಣೆಯ ಬದಲು ಅಲ್ಲಿ ತೂಗುವುದು ಒಂದು ಅಟ್ಟಣೆ. ಕುರ್ಚಿಯ ಭಾರ ಸೇರಿದರೆ ಉಯ್ಯಾಲೆ ಮಂದವಾಗುತ್ತದೆಯೇ? ಲೋಲಕದ ಪಾಠ ನೆನಪಿದ್ದವರು ‘ಇಲ್ಲ’ ಎನ್ನುತ್ತಾರೆ: ಆಂದೋಲನದ ಕಾಲ ಉದ್ದವನ್ನು ಅವಲಂಬಿಸುತ್ತದೆ, ಭಾರವನ್ನಲ್ಲ. ನೂಕಿ ಶುರು ಮಾಡುವವರಿಗೆ ಮಾತ್ರ ಸ್ವಲ್ಪ ಹೆಚ್ಚು ಶ್ರಮ.

2017ರಲ್ಲಿ ಇದರ ಪಕ್ಕದಲ್ಲೇ ನೀರಾಟದ ಉದ್ಯಾನವೂ ತೆರೆಯಿತು. ಅಲ್ಲಿ ಹೊಸ ಸಮಸ್ಯೆ ಎದುರಾಯಿತು. ಬ್ಯಾಟರಿ ಕುರ್ಚಿಯಲ್ಲಿ ಮೋಟಾರು, ನಿಯಂತ್ರಣದ ಎಲೆಕ್ಟ್ರಾನಿಕ್ ಭಾಗ ಎಲ್ಲವೂ ನೀರಿಗೆ ಅಂಜುವಂಥವು. ಕೆಟ್ಟರೆ ಮನೆಯವರಿಗೆ ದೊಡ್ಡ ನಷ್ಟ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದು ಇದಕ್ಕೆ ಉತ್ತರ ಕಂಡುಹಿಡಿಯಿತು. ಆ ಪ್ರಯೋಗಾಲಯದ ಮುಖ್ಯಸ್ಥ ರೋರಿ ಕೂಪರ್ ಸ್ವತಃ ಗಾಲಿಕುರ್ಚಿ ಬಳಸುವವರು. ಅವರ ತಂಡ ಬ್ಯಾಟರಿಯನ್ನೇ ತೆಗೆದುಹಾಕಿತು. ಹೆಚ್ಚಿನ ಒತ್ತಡದಲ್ಲಿ ಗಾಳಿ ತುಂಬಿದ ಸಿಲಿಂಡರುಗಳನ್ನು ಕುರ್ಚಿಗೆ ಜೋಡಿಸಿ, ಆ ಗಾಳಿ ಹಿಗ್ಗುವ ಬಲದಿಂದಲೇ ಮೋಟಾರು ತಿರುಗುವಂತೆ ಮಾಡಿತು. ಕುರ್ಚಿಯ ತೂಕ 36 ಕಿಲೋ ಆಸುಪಾಸು. ಬ್ಯಾಟರಿಯದು ಅನೇಕ ವೇಳೆ 100 ಕಿಲೋ ಮೀರುತ್ತದೆ. ಬ್ಯಾಟರಿ ತುಂಬಲು ಗಂಟೆಗಟ್ಟಲೆ ಕಾಯಬೇಕು, ಗಾಳಿ ತುಂಬಲು 10 ನಿಮಿಷ. ಸಿಲಿಂಡರಿನಲ್ಲಿ ಹಿಡಿಯುವ ಶಕ್ತಿ ಬ್ಯಾಟರಿಗಿಂತ ಕಡಿಮೆ, ದೂರದ ಪಯಣಕ್ಕೆ ಅದು ಆಗದು. ನೀರಿನ ಕಾರಂಜಿಗಳ ನಡುವೆ ಸುತ್ತಾಡಲು ಧಾರಾಳ ಸಾಕು.

ಉದ್ಯಾನದಲ್ಲಿ ಕುದುರೆಗಳು ಏರಿಳಿಯುತ್ತ ಸುತ್ತುವ ಕ್ಯಾರೊಸೆಲ್ ಕೂಡ ಇದೆ. ಕುದುರೆಗಳ ನಡುವೆ ಗಾಲಿಕುರ್ಚಿ ನಿಲ್ಲುವ ರಥಗಳಿವೆ; ಕುದುರೆಯಂತೆ ಅವೂ ಏರಿಳಿಯುತ್ತವೆ. ಬೇರೆ ಕಡೆ ರಥವೇನೋ ಇರುತ್ತದೆ, ಏರಿಳಿಯುವುದು ಕುದುರೆ ಮಾತ್ರ.

ಉದ್ಯಾನ ತೆರೆದಾಗ ಈ ಕ್ಯಾರೊಸೆಲ್ ಕಂಡು ಹೆದರಿದವಳು ಮಾರ್ಗನ್ನಳೇ. ಅದು ಯಾಕೆ ಸುತ್ತುತ್ತದೆ, ಕುದುರೆಗಳು ಯಾಕೆ ಮೇಲೆ ಕೆಳಗೆ ಹೋಗುತ್ತವೆ ಎಂಬುದು ಅವಳಿಗೆ ತಿಳಿಯಲಿಲ್ಲ. ಯಾರೂ ಅವಸರಪಡಿಸಲಿಲ್ಲ. ಮೊದಲು ಹತ್ತಿರ ನಿಂತು ನೋಡಿದಳು. ಆಮೇಲೆ ತಿರುಗದೆ ನಿಂತಿದ್ದಾಗ ಹತ್ತಿ ಕುಳಿತಳು. ತಿರುಗುವ ಕುದುರೆಯ ಮೇಲೆ ಕೂರಲು ಅವಳಿಗೆ ಮೂರು ವರ್ಷ ಹಿಡಿಯಿತು.