ಎರಡನೆಯ ಪೆಟ್ಟಿಗೆ ಎಡೆಗೊಡಬಾರದು

ಆಟದಲ್ಲಿ ಬಿದ್ದ ಮಗುವಿನ ತಲೆ ನೇವರಿಸಿ, "ಏನೂ ಆಗಿಲ್ಲ, ಏಳು" ಎಂದು ಮರಳಿ ಆಟಕ್ಕೆ ಕಳುಹಿಸುವುದು ನಮ್ಮಲ್ಲಿ ಬಹುಕಾಲದ ರೂಢಿ. ಮಗು ಎದೆಗುಂದಬಾರದೆಂಬುದೇ ಇದರ ಉದ್ದೇಶವೆಂದು ನಾವು ಬಲ್ಲೆವು. ಆದರೆ ಪೆಟ್ಟು ತಲೆಗೆ ಬಿದ್ದಾಗ ಈ ಧೈರ್ಯವೇ ಘಾತಕವಾದೀತೆಂಬುದನ್ನು ಪಾಲಕರೂ ಉಪಾಧ್ಯಾಯರೂ ಅರಿಯಬೇಕಾಗಿದೆ.

2006ರಲ್ಲಿ ಅಮೆರಿಕೆಯ ವಾಷಿಂಗ್ಟನ್ ರಾಜ್ಯದಲ್ಲಿ ಝಾಕರಿ ಲೈಸ್ಟೆಟ್ ಎಂಬ 13 ವರ್ಷದ ಬಾಲಕನಿಗೆ ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟಾಯಿತು. ತುಸು ಹೊತ್ತು ವಿಶ್ರಮಿಸಿ ಅವನು ಅದೇ ಪಂದ್ಯದಲ್ಲಿ ಮತ್ತೆ ಆಡಿದನು. ಆಟ ಮುಗಿದೊಡನೆ ಕುಸಿದುಬಿದ್ದನು. ಶಸ್ತ್ರಚಿಕಿತ್ಸೆಯಿಂದ ಜೀವವೇನೋ ಉಳಿಯಿತು. ಆದರೆ ಮೊದಲ ಮಾತನ್ನಾಡಲು ಒಂಬತ್ತು ತಿಂಗಳು, ಪರರ ಆಸರೆಯಿಂದ ಎದ್ದು ನಿಲ್ಲಲು ಸುಮಾರು ಮೂರು ವರ್ಷ ಹಿಡಿಯಿತು. 2009ರಲ್ಲಿ ಆ ರಾಜ್ಯವು ಅವನ ಹೆಸರಿನ ಶಾಸನವೊಂದನ್ನು ಮಾಡಿತು. ಕನ್‌ಕಷನ್, ಎಂದರೆ ಪೆಟ್ಟಿನಿಂದ ಮಿದುಳಿಗಾಗುವ ಆಘಾತದ ಶಂಕೆ ಬಂದೊಡನೆ ಮಗುವನ್ನು ಆಟದಿಂದ ಹೊರತರಬೇಕು. ವೈದ್ಯಕೀಯ ತಜ್ಞರ ಲಿಖಿತ ಅನುಮತಿಯಿಲ್ಲದೆ ಮರಳಿ ಆಡಿಸಕೂಡದು. 2014ರೊಳಗೆ ಅಮೆರಿಕೆಯ ಐವತ್ತು ರಾಜ್ಯಗಳೂ ಇಂತಹ ಶಾಸನಗಳನ್ನು ಅಂಗೀಕರಿಸಿದವು.

ಮೊದಲ ಪೆಟ್ಟಿನಿಂದ ಮಿದುಳು ಚೇತರಿಸಿಕೊಳ್ಳುವ ಮುನ್ನವೇ ಮತ್ತೊಂದು ಬಿದ್ದರೆ, ವಿರಳವಾಗಿಯಾದರೂ, ಅದು ಬಾತು ಪ್ರಾಣಕ್ಕೇ ಅಪಾಯವಾಗಬಹುದು. ಅಷ್ಟಾಗದಿದ್ದರೂ ತಲೆನೋವು, ಮರೆವು, ನಿದ್ರಾಭಂಗ, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ದೀರ್ಘಕಾಲ ಕಾಡಬಹುದು. ಹೊರಗೆ ಗಾಯ ಕಾಣದು. ಸ್ಕ್ಯಾನಿನಲ್ಲಿಯೂ ಸಾಮಾನ್ಯವಾಗಿ ದೋಷ ಗೋಚರಿಸದು. ಆದುದರಿಂದಲೇ ಮಗುವಿನ ಮಾತನ್ನು ನಂಬುವುದು ಅಗತ್ಯ.

ಅಂತಹ ಮಗುವನ್ನು ಕತ್ತಲೆಯ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸಬೇಕೆಂಬ ಹಳೆಯ ಸಲಹೆಯನ್ನು ತಜ್ಞರು ಇಂದು ಕೈಬಿಟ್ಟಿದ್ದಾರೆ. ಮೊದಲ ಒಂದೆರಡು ದಿನ ಸಾಪೇಕ್ಷ ವಿಶ್ರಾಂತಿ, ಬಳಿಕ ಲಘು ನಡಿಗೆ, ಕ್ರಮೇಣ ಶಾಲೆ, ಕೊನೆಗೆ ವೈದ್ಯರ ಒಪ್ಪಿಗೆಯಿಂದ ಹಂತಹಂತವಾಗಿ ಆಟ: ಇದು ಈಗಿನ ಕ್ರಮ. ಬಹುಪಾಲು ಮಕ್ಕಳು ನಾಲ್ಕು ವಾರಗಳಲ್ಲಿ ಗುಣಹೊಂದುತ್ತಾರೆ. ಹಿಂದೆಯೂ ಪೆಟ್ಟು ತಿಂದವರಿಗೆ ಹೆಚ್ಚು ಕಾಲ ಬೇಕಾದೀತು. ಮತ್ತೆ ಮತ್ತೆ ವಾಂತಿ, ಏರುತ್ತಿರುವ ತಲೆನೋವು, ಸೆಳವು ಅಥವಾ ಮಂಪರು ಕಂಡರೆ ಮಾತ್ರ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ಮುಂಬಯಿ, ಪುಣೆಗಳ ಮೈದಾನಗಳಲ್ಲಿ ನಮ್ಮ ಮಕ್ಕಳೂ ಆಡುತ್ತಾರೆ. ನಮ್ಮ ಸಂಘಸಂಸ್ಥೆಗಳೂ ಕ್ರೀಡಾಕೂಟಗಳನ್ನು ಏರ್ಪಡಿಸುತ್ತವೆ. ತಲೆಗೆ ಪೆಟ್ಟಾದ ಮಗು ಆ ದಿನ ಮತ್ತೆ ಆಡಕೂಡದೆಂಬ ಒಂದು ನಿಯಮವನ್ನು ಅವು ಪಾಲಿಸಲು ಶಾಸನಕ್ಕೆ ಕಾಯಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಪಂದ್ಯ ಸೋತರೆ ಮುಂದಿನ ವರ್ಷ ಗೆಲ್ಲಬಹುದು. ಮಗುವಿನ ಮಿದುಳಿನ ವಿಷಯದಲ್ಲಿ ಅಂತಹ ಭರವಸೆಯನ್ನು ಯಾರೂ ಕೊಡಲಾರರು.